ಬಳೆಗಾರನ ಕಾರಿನ ದೀಪ

ಮಠಕ್ಕೆ ಬಂದು ಒಂದು ವರ್ಷ ತುಂಬಿದ ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ:

“ಗುರುಗಳೇ, ನಾನು ಎಲ್ಲವನ್ನೂ ಬಿಟ್ಟು ಬಂದಿದ್ದೇನೆ. ಯಾರ ಮನಸ್ಸನ್ನೂ ನೋಯಿಸದೆ ಬಿಟ್ಟು ಬಂದಿದ್ದೇನೆ. ಆದರೂ ಕಣ್ಣು ಮುಚ್ಚಿ ಕುಳಿತರೆ ಒಳಗೆ ಏನೋ ಒಂದು ಉರಿಯುತ್ತಲೇ ಇರುತ್ತದೆ. ಅದನ್ನು ಆರಿಸುವ ಜಪ ಯಾವುದು?”

“ಯಾರ ಮನಸ್ಸೂ ನೋಯಲಿಲ್ಲವೆ?” ಎಂದರು ಗುರುಗಳು.

“ಇಲ್ಲ. ಅಪ್ಪ ಅಮ್ಮ ಒಪ್ಪಿಯೇ ಕಳಿಸಿದರು. ಸೋದರಮಾವನಿಗೆ ಮಾತ್ರ ತನ್ನ ಮಗಳನ್ನು ನನಗೆ ಕೊಡಬೇಕೆಂಬ ಆಸೆಯಿತ್ತು. ಅವರಿಗೂ ನಾನು ಇಲ್ಲ ಎನ್ನಲಿಲ್ಲ. ‘ನೋಡೋಣ ಮಾವ’ ಎಂದು ಕಾಲಿಗೆ ನಮಸ್ಕಾರ ಮಾಡಿ ಬಂದೆ. ಅವರಿಗೆ ನನ್ನ ಮೇಲೆ ಒಂದಿಷ್ಟೂ ಬೇಸರವಿಲ್ಲ. ಪ್ರತಿ ಹುಣ್ಣಿಮೆಗೂ ಬರುತ್ತಾರೆ, ಒಂದು ಡಬ್ಬಿ ಚಟ್ನಿಪುಡಿ ಕೊಡುತ್ತಾರೆ, ಏನೂ ಕೇಳದೆ ಹೋಗುತ್ತಾರೆ.”

“ಚಟ್ನಿಪುಡಿ ಚೆನ್ನಾಗಿಯೇ ಇರುತ್ತದೆ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ಅಜ್ಜ ಬಳೆ ಪೋಣಿಸಿದ ಮಲಾರವನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದ್ದ. ಅಪ್ಪ ಅದನ್ನೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಿರುಗಿದ್ದ. ಇವನು ಅಂಗಡಿ ಇಟ್ಟ. ಮದುವೆ, ಸೀಮಂತ ಇದ್ದ ಮನೆಗಳಿಗೆ ಮಾತ್ರ ತಾನೇ ಹೋಗಿ ಬಳೆ ತೊಡಿಸುತ್ತಿದ್ದ. ಎಂಥ ಒರಟು ಕೈಗೂ ಚಿಕ್ಕ ಅಳತೆಯ ಬಳೆಯನ್ನು ನೋವಾಗದಂತೆ ಏರಿಸುತ್ತಾನೆ ಎಂದು ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಹೆಸರಿತ್ತು.

ಗಾಜಿನ ಜೊತೆ ಬದುಕುವವರ ಕೈ ಮೆತ್ತಗಾಗುತ್ತದೆ. ಕೈ ಮೆತ್ತಗಾದ ಮೇಲೆ ಮನೆಯೂ ಮೆತ್ತಗಾಗುತ್ತದೆ. ಬಳೆಗಾರನ ಮನೆಯಲ್ಲಿ ಚೊಂಬು ಕೆಳಗಿಟ್ಟರೆ ಸದ್ದಾಗುತ್ತಿರಲಿಲ್ಲ. ಬಾಗಿಲನ್ನು ‘ಮುಚ್ಚು’ ಎಂದು ಯಾರೂ ಹೇಳುತ್ತಿರಲಿಲ್ಲ, ‘ಮುಂದೆ ಮಾಡು’ ಎನ್ನುತ್ತಿದ್ದರು. ಬಳೆ ಒಡೆಯಿತು ಎಂಬ ಮಾತಂತೂ ಆ ಹೊಸ್ತಿಲಿನ ಒಳಗೆ ಇರಲೇ ಇಲ್ಲ. ಒಡೆದರೆ ‘ಹೆಚ್ಚಿತು’ ಎನ್ನುತ್ತಿದ್ದರು. ಅವನ ಹೆಂಡತಿ ಮದುವೆಯಾಗಿ ಬಂದ ಮೊದಲ ವಾರ ಒಂದು ಸ್ಟೀಲಿನ ತಟ್ಟೆ ಬೀಳಿಸಿದ್ದಳು. ಯಾರೂ ಬೈಯಲಿಲ್ಲ. ಎಲ್ಲರೂ ತಿರುಗಿ ನೋಡಿದರು, ಅಷ್ಟೆ. ಆಮೇಲೆ ಮೂವತ್ತು ವರ್ಷ ಅವಳು ಏನನ್ನೂ ಬೀಳಿಸಲಿಲ್ಲ.

ಬಳೆಗಾರ ಒಂದು ಹಳೆಯ ಕಾರು ಕೊಂಡ. ಅವನಿಗೆ ಕಾರಿನ ಶೋಕಿ ಇರಲಿಲ್ಲ. ಬಸ್ಸಿನಲ್ಲಿ ಬಳೆಯ ಪೆಟ್ಟಿಗೆ ಸಾಗಿಸಿದರೆ ಹತ್ತು ಡಜನ್ನಿಗೆ ಎರಡು ಡಜನ್ ಹೆಚ್ಚುತ್ತಿದ್ದವು. ಕಾರಿನ ಹಿಂದಿನ ಸೀಟಿನ ಮೇಲೆ ಹತ್ತಿಯ ಹಾಸಿಗೆ ಹಾಸಿ, ಅದರ ಮೇಲೆ ಪೆಟ್ಟಿಗೆ ಇಟ್ಟು, ಅವನು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಓಡಿಸುತ್ತಿದ್ದ. ಕಾರು ಮನೆಗೆ ಬಂದ ದಿನ ಪೂಜೆ ಮಾಡಿ, ಮನೆಯವರನ್ನೆಲ್ಲ ನಿಲ್ಲಿಸಿ, ಒಂದೇ ಒಂದು ಮಾತು ಹೇಳಿದ:

“ಬಾಗಿಲು ದಢಾರಂತ ಹಾಕಬೇಡಿ. ಒಳಗೆ ಬಳೆ ಇರುತ್ತೆ. ಅದುರಿದರೆ ಸೀಳು ಬಿಡುತ್ತೆ.”

ಹೇಳುವ ಅಗತ್ಯವೇ ಇರಲಿಲ್ಲ. ಆ ಮನೆಯಲ್ಲಿ ದಢಾರ್ ಎನ್ನಿಸಲು ಯಾರಿಗೂ ಬರುತ್ತಿರಲಿಲ್ಲ.

ಆರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕಾರು ಚಾಲೂ ಆಗಲಿಲ್ಲ. ಬೀಗದ ಕೈ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೆ. ಬೀದಿಯವರು ಸೇರಿ ತಳ್ಳಿ ಹೊರಡಿಸಿದರು. ಅದೇ ದಿನ ಸಂಜೆ, ದೇವರ ದೀಪ ಹಚ್ಚಿ ಹೊರಗೆ ಬಂದ ಬಳೆಗಾರನಿಗೆ ಕಾರಣ ಕಾಣಿಸಿತು. ಬಾಗಿಲುಗಳೆಲ್ಲ ಹಾಕಿದ್ದವು. ಕಾರಿನೊಳಗೆ ಯಾರೂ ಇರಲಿಲ್ಲ. ಚಾವಣಿಯ ಪುಟ್ಟ ದೀಪ ಮಾತ್ರ, ಯಾರನ್ನೋ ಕಾಯುತ್ತಿರುವಂತೆ, ಉರಿಯುತ್ತಿತ್ತು.

ಬಾಗಿಲು ತೆಗೆದರೆ ಹತ್ತಬೇಕಾದ, ಹಾಕಿದರೆ ಆರಬೇಕಾದ ದೀಪ ಅದು. ಅದನ್ನು ಕೈಯಿಂದ ಆರಿಸುವ ಗುಂಡಿ ಹಿಂದಿನ ಮಾಲೀಕನ ಕಾಲದಲ್ಲೇ ಮುರಿದುಹೋಗಿತ್ತು. ಬಳೆಗಾರ ಬಾಗಿಲು ತೆಗೆದು ಮತ್ತೆ ಮುಂದೆ ಮಾಡಿದ. ದೀಪ ಆರಲಿಲ್ಲ. ನಾಲ್ಕೂ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಮುಂದೆ ಮಾಡಿದ. ದೀಪ ಆರಲಿಲ್ಲ. ಬ್ಯಾಟರಿ ಹಳೆಯದು, ಇಷ್ಟು ತಿಂಗಳು, ಯಾರ ಗಮನಕ್ಕೂ ಬಾರದೆ, ಹೇಗೋ ತಡೆದಿತ್ತು. ಆ ಪುಟ್ಟ ದೀಪ ದಿನಾ ರಾತ್ರಿ ಅದನ್ನು ಕುಡಿಯುತ್ತ ಹೋದರೆ ಯಾವುದೋ ಒಂದು ಬೆಳಿಗ್ಗೆಗೆ ಏನೂ ಉಳಿಯುವುದಿಲ್ಲ ಎಂದು ಅವನಿಗೆ ಅರ್ಥವಾಯಿತು.

ಬೇರೆ ಸಮಯವಾಗಿದ್ದರೆ ಇದು ಕಾರಿನ ರಗಳೆ, ಅಷ್ಟೆ. ಆದರೆ ಅವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ವಾರ ಅವಳನ್ನು ಪರೀಕ್ಷಿಸಿದ ಡಾಕ್ಟರಮ್ಮ, ಬಳೆಗಾರನನ್ನು ಒಳಗೆ ಕರೆದು ಹೇಳಿದ್ದರು:

“ಮಗು ಇನ್ನೂ ತಿರುಗಿಲ್ಲ. ತಿರುಗದೆಯೂ ಇರಬಹುದು. ನೋವು ಕಾಣಿಸಿದ ತಕ್ಷಣ ಹೊರಟುಬಿಡಿ. ಇನ್ನೊಂದು ಸ್ವಲ್ಪ ನೋಡೋಣ ಅಂತ ಮನೆಯಲ್ಲಿ ಕೂರಬೇಡಿ.”

ಆಸ್ಪತ್ರೆ ಹದಿನಾಲ್ಕು ಮೈಲಿ. ಬಸ್ಸು ದಿನಕ್ಕೆ ಎರಡು. ಆಂಬುಲೆನ್ಸ್ ಕರೆದರೆ ಅದು ಪಟ್ಟಣದಿಂದ ಬಂದು ಪಟ್ಟಣಕ್ಕೇ ಹೋಗಬೇಕು, ಅಂದರೆ ಎರಡು ಪಟ್ಟು ಹಾದಿ. ಊರಿನಲ್ಲಿ ಇನ್ನೊಂದು ಕಾರು ಇರಲಿಲ್ಲ. ಬಳೆಗಾರ ಅಂದು ಕಾರಿನ ದೀಪವನ್ನು ನೋಡಲಿಲ್ಲ. ದೀಪದ ಹಿಂದೆ ಮಗಳನ್ನು ನೋಡಿದ.

ಮರುದಿನ ಅವನು ಕಾರನ್ನು ಪಟ್ಟಣದ ಮೆಕ್ಯಾನಿಕ್ ಬಳಿ ಒಯ್ದ. ಮೆಕ್ಯಾನಿಕ್ ಒಳ್ಳೆಯ ಕೆಲಸಗಾರ, ಕೈ ಮಾತ್ರ ಕಬ್ಬಿಣದ್ದು. ಮೂರು ಬಾಗಿಲುಗಳನ್ನು ಒಮ್ಮೆ ತೆಗೆದು ಹಾಕಿ, ನಾಲ್ಕನೆಯದರ ಕಂಬದಲ್ಲಿದ್ದ ಸಣ್ಣ ರಬ್ಬರಿನ ಗುಬುಟನ್ನು ಬೆರಳಿನಿಂದ ಒತ್ತಿ ತೋರಿಸಿದ. ಬಾಗಿಲು ಬಂದು ಇದನ್ನು ಒತ್ತಿದರೆ ದೀಪ ಆರುತ್ತದೆ, ಇಷ್ಟೇ ವಿಷಯ ಎಂದ. ಒತ್ತಿದಾಗ ಆರಿತು, ಬಿಟ್ಟಾಗ ಹತ್ತಿತು. ಆಮೇಲೆ ಅವನು ಬಾಗಿಲನ್ನು ಹಿಡಿದು, ತನ್ನ ಅಭ್ಯಾಸದಂತೆ, ದಢಾರೆಂದು ಹಾಕಿದ.

ಬಳೆಗಾರ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ದೀಪ ಆರಿತ್ತು.

“ಗಾಡಿಗೆ ಏನೂ ಆಗಿಲ್ಲ ಯಜಮಾನ್ರೇ,” ಎಂದ ಮೆಕ್ಯಾನಿಕ್. “ಬಾಗಿಲು ಗಟ್ಟಿಯಾಗಿ ಹಾಕ್ತೀರಿ ತಾನೇ?”

“ಗಟ್ಟಿಯಾಗಿಯೇ ಹಾಕ್ತೀವಿ,” ಎಂದ ಬಳೆಗಾರ.

ಅವನು ಸುಳ್ಳು ಹೇಳಲಿಲ್ಲ. ಅವನ ಮನೆಯ ಅಳತೆಯಲ್ಲಿ ಅದು ಗಟ್ಟಿಯೇ. ಮೆಕ್ಯಾನಿಕ್ ಕೂಡ ಅನುಮಾನಪಡಲಿಲ್ಲ. ಬಾಗಿಲು ಹಾಕುವುದು ಗೊತ್ತಿಲ್ಲದ ಮನುಷ್ಯ ಇರಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಬಳೆಗಾರ ಮನೆಗೆ ಬಂದು, ಇಳಿದು, ಮೂರು ಬೆರಳಿನಿಂದ ಬಾಗಿಲು ಮುಂದೆ ಮಾಡಿದ. ದೀಪ ಉರಿಯುತ್ತಿತ್ತು.

ಅಂದಿನಿಂದ ಅವನಿಗೆ ಕಾವಲು ಶುರುವಾಯಿತು. ಹಗಲು ಬಿಸಿಲಿನಲ್ಲಿ ಆ ದೀಪ ಕಾಣುತ್ತಿರಲಿಲ್ಲ. ಅವನು ಅಂಗಡಿಯಿಂದ ಗಂಟೆಗೊಮ್ಮೆ ಎದ್ದು ಬಂದು, ತಲೆಯ ಮೇಲೆ ಟವೆಲ್ ಮುಸುಕು ಹಾಕಿಕೊಂಡು, ಕಾರಿನ ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕುತ್ತಿದ್ದ. ಊರಿನವರು ಮೊದಲ ದಿನ ನಕ್ಕರು, ಎರಡನೆಯ ದಿನ ವಿಚಾರಿಸಿದರು, ಮೂರನೆಯ ದಿನದಿಂದ ಅವನು ಇಣುಕುವುದನ್ನು ನೋಡಿ ಗಂಟೆ ಎಷ್ಟೆಂದು ಹೇಳತೊಡಗಿದರು. ಕೆಲವು ಸಲ ಸರಿಯಾಗಿ ಕಾಣದೆ ಅವನು ಬಾಗಿಲು ತೆಗೆದೇ ನೋಡುತ್ತಿದ್ದ. ತೆಗೆದ ಮೇಲೆ ದೀಪ ಇದ್ದೇ ಇರುತ್ತಿತ್ತು. ಮತ್ತೆ ಮುಂದೆ ಮಾಡುತ್ತಿದ್ದ. ಮತ್ತೆ ಇರುತ್ತಿತ್ತು.

ಮಗಳು ಜಗುಲಿಯಲ್ಲಿ ಕಾಲು ಚಾಚಿ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಎರಡೂ ಕೈ ತುಂಬ ಹಸಿರು ಗಾಜಿನ ಬಳೆಗಳಿದ್ದವು. ಸೀಮಂತದ ದಿನ ಅಪ್ಪನೇ ತೊಡಿಸಿದ್ದು. ಎರಡು ಡಜನ್ ಬಳೆಗಳಲ್ಲಿ ಒಂದೂ ಹೆಚ್ಚಿರಲಿಲ್ಲ. ಬಂದವರಿಗೆಲ್ಲ ಬಳೆಗಾರ ಅದನ್ನು ಹೇಳಿಕೊಂಡಿದ್ದ.

“ಅಪ್ಪಾ,” ಎಂದಳು ಅವಳು ಒಂದು ದಿನ, “ಬಸುರಿ ನಾನೋ, ಕಾರೋ?”

ಬಳೆಗಾರ ನಗಲಿಲ್ಲ. “ನಿನಗೆ ಏನಾದರೂ ಅನ್ನಿಸ್ತಾ ಇದೆಯಾ?” ಎಂದು ಕೇಳಿದ.

“ಹಸಿವು ಅನ್ನಿಸ್ತಾ ಇದೆ.”

“ಅದಲ್ಲ.”

“ಮತ್ತೇನೂ ಇಲ್ಲಪ್ಪ. ಬಂದರೆ ಮೊದಲು ಕಾರಿಗೆ ಹೇಳಿ ಆಮೇಲೆ ನಿನಗೆ ಹೇಳ್ತೀನಿ.”

ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ಸರಿದು ಕುಳಿತರೂ ಬಳೆಗಾರ ಎದ್ದು ನಿಲ್ಲುತ್ತಿದ್ದ. ಅವಳು ಸೀನಿದರೆ ಅವನು ಬೀಗದ ಕೈ ಹುಡುಕುತ್ತಿದ್ದ. ಅವನು ಅನ್ನ ಕಲಸುವುದು, ಗಿರಾಕಿಗೆ ಬಳೆಯ ಅಳತೆ ನೋಡುವುದು, ದೇವರ ಮುಂದೆ ಕೈಮುಗಿಯುವುದು ಎಲ್ಲವೂ ಅರ್ಧಕ್ಕೇ ನಿಲ್ಲುತ್ತಿದ್ದವು. ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಿ ದೀಪ ನೋಡುತ್ತಿದ್ದ. ಯಾವತ್ತೂ ಯಾವ ಗಿರಾಕಿಯ ಕೈಯನ್ನೂ ನೋಯಿಸದವನು ಆ ವಾರ ಒಬ್ಬಳ ಕೈ ಗೀರಿದ. ಅವಳು ಪರವಾಗಿಲ್ಲ ಎಂದಳು. ಅವನಿಗೆ ಅದು ಕೇಳಿಸಲಿಲ್ಲ.

ಎರಡನೆಯ ಸಲ ಬ್ಯಾಟರಿ ಸತ್ತದ್ದು ಹೆರಿಗೆಗೆಂದು ಡಾಕ್ಟರಮ್ಮ ಹೇಳಿದ ದಿನಕ್ಕೆ ಇನ್ನು ಒಂಬತ್ತು ದಿನವಿರುವಾಗ. ಬಳೆಗಾರ ಹೇಳಿಕಳಿಸಿದ. ಮೆಕ್ಯಾನಿಕ್ ಮೋಟಾರ್ ಬೈಕಿನ ಮೇಲೆ ಬೇರೆ ಬ್ಯಾಟರಿ ಕಟ್ಟಿಕೊಂಡು ಬಂದ. ಕಂಬದ ರಬ್ಬರಿನ ಗುಬುಟು ನಾಲ್ಕನ್ನೂ ಬದಲಿಸಿದ. ಅವಕ್ಕೆ ಹೋಗುವ ತಂತಿ ಬದಲಿಸಿದ. ಎಲ್ಲ ಮುಗಿಸಿ, ನಾಲ್ಕೂ ಬಾಗಿಲುಗಳನ್ನು ದಢಾರ್, ದಢಾರ್ ಎಂದು ಹಾಕಿದ. ನಾಲ್ಕು ಸಲವೂ ಬಳೆಗಾರ ಮುಖ ಆಚೆ ತಿರುಗಿಸಿದ. ದೀಪ ಆರಿತು.

ಅವನು ಮುಖ ತಿರುಗಿಸದೆ ಇದ್ದಿದ್ದರೆ ಅಲ್ಲೇ ಕತೆ ಮುಗಿಯುತ್ತಿತ್ತು. ಮೆಕ್ಯಾನಿಕ್ ಹೇಗೆ ಹಾಕುತ್ತಾನೆಂದು ಬಳೆಗಾರ ನೋಡಲಿಲ್ಲ. ಬಳೆಗಾರ ಹೇಗೆ ಹಾಕುತ್ತಾನೆಂದು ಮೆಕ್ಯಾನಿಕ್ ನೋಡಲಿಲ್ಲ. ಸದ್ದು ನಿಂತ ಮೇಲೆ ಇಬ್ಬರೂ ದೀಪವನ್ನೇ ನೋಡಿದರು.

ಬಳೆಗಾರನಿಗೆ ಬೇರೆ ಒಂದು ವಿಷಯ ಹೊಳೆಯಿತು. ಕೆಲವು ವೈದ್ಯರ ಕೈ ಮುಟ್ಟಿದರೆ ಜ್ವರ ಇಳಿಯುತ್ತದೆ, ಬೇರೆಯವರು ಅದೇ ಮಾತ್ರೆ ಕೊಟ್ಟರೂ ಇಳಿಯುವುದಿಲ್ಲ. ಇದೂ ಹಾಗೆಯೇ.

“ನಿಮ್ಮ ಕೈಗುಣ ದೊಡ್ಡದು,” ಎಂದ ಅವನು. “ಒಂದು ಉಪಕಾರ ಮಾಡಿ. ಮಗಳ ಹೆರಿಗೆ ಆಗುವವರೆಗೆ ದಿನಾ ಸಂಜೆ ಬಂದು ಬಾಗಿಲು ಹಾಕಿ ಹೋಗಿ.”

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಅವನನ್ನೇ ನೋಡಿದ.

“ಬಾಗಿಲು ಹಾಕೋಕೆ ಹದಿನಾಲ್ಕು ಮೈಲಿ ಬರ್ಲಾ ಯಜಮಾನ್ರೇ? ನನ್ನ ಹೆಂಡ್ತಿ ಮನೆ ಬಾಗಿಲು ಹಾಕೋಕೂ ನನ್ನನ್ನ ಎಬ್ಬಿಸಲ್ಲ.”

“ತಮಾಷೆ ಅಲ್ಲಪ್ಪ. ಇನ್ನು ಒಂಬತ್ತು ದಿನ ಇದೆ.”

ಅವನ ದನಿ ಕೇಳಿ ಮೆಕ್ಯಾನಿಕ್ ನಗು ನಿಲ್ಲಿಸಿದ. ಜಗುಲಿಯಲ್ಲಿದ್ದ ಹುಡುಗಿಯನ್ನು ನೋಡಿದ. ಅವನಿಗೂ ಹೆಣ್ಣುಮಕ್ಕಳಿದ್ದರು. ಯೋಚಿಸಿ ಹೇಳಿದ:

“ನಿಮ್ಮ ತೊಂದರೆ ಏನು? ದೀಪ ಉರಿಯುತ್ತೆ, ಬ್ಯಾಟರಿ ಸಾಯುತ್ತೆ. ಬಲ್ಬನ್ನೇ ತೆಗೆದುಬಿಡ್ತೀನಿ. ಹೆರಿಗೆ ಮುಗೀಲಿ, ಆಮೇಲೆ ನಿಧಾನವಾಗಿ ನೋಡೋಣ.”

ಬಳೆಗಾರ ಅವನ ಎರಡೂ ಕೈ ಹಿಡಿದುಕೊಂಡ. ಮೆಕ್ಯಾನಿಕ್ ಬಲ್ಬನ್ನು ತಿರುಗಿಸಿ ತೆಗೆದು ಅವನ ಅಂಗೈಗೆ ಹಾಕಿದ. ಬಳೆಗಾರ ಅದನ್ನು ಹತ್ತಿಯಲ್ಲಿ ಸುತ್ತಿ, ಒಂದು ಖಾಲಿ ಬಳೆ ಡಬ್ಬಿಯಲ್ಲಿಟ್ಟು, ಬೀರುವಿನ ಮೇಲಿನ ಅರೆಯಲ್ಲಿ ಇಟ್ಟ.

ಅಂದು ಸಂಜೆ ಅವನು ಕಾರಿನೊಳಗೆ ಇಣುಕಿದ. ಕತ್ತಲೆಯಿತ್ತು. ಅಷ್ಟು ಚೆಂದದ ಕತ್ತಲೆಯನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಒಳಗೆ ಬಂದು ಹೊಟ್ಟೆ ತುಂಬ ಉಂಡ. ಒಂದು ವಾರ ಕಾರು ಒಂದೇ ತಿರುವಿಗೆ ಚಾಲೂ ಆಯಿತು. ಅವನು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಳ್ಳತೊಡಗಿದ. ಊರಿನವರಿಗೆ ಗಂಟೆ ಎಷ್ಟೆಂದು ತಿಳಿಯದೆ ಸ್ವಲ್ಪ ಅನನುಕೂಲವಾಯಿತು. ಬೇರೆ ಯಾರಿಗೂ ಏನೂ ತೊಂದರೆಯಾಗಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ, ಊಟದ ಎಲೆ ಹಾಕುವ ಹೊತ್ತಿಗೆ, ಮಗಳು ಗೋಡೆ ಹಿಡಿದು ನಿಂತಳು.

“ಅಪ್ಪಾ,” ಎಂದಳು. ಈ ಸಲ ತಮಾಷೆ ಮಾಡಲಿಲ್ಲ.

ಬಳೆಗಾರ ಇದನ್ನು ಮನಸ್ಸಿನಲ್ಲಿ ನೂರು ಸಲ ನಡೆಸಿ ನೋಡಿದ್ದ. ಬೀಗದ ಕೈ ಜೇಬಿನಲ್ಲೇ ಇತ್ತು. ಚೀಲ ಬಾಗಿಲ ಹತ್ತಿರವೇ ಇತ್ತು. ಹೆಂಡತಿ ಮಗಳನ್ನು ಹಿಂದಿನ ಸೀಟಿನಲ್ಲಿ, ಹತ್ತಿಯ ಹಾಸಿಗೆಯ ಮೇಲೆ, ಬಾಗಿಲಿಗೆ ಒರಗಿಸಿ ಕೂರಿಸಿ, ಆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು. ಆಚೆ ಕಡೆಯಿಂದ ತಾನು ಹತ್ತಿ, ತನ್ನ ಕಡೆಯ ಬಾಗಿಲನ್ನೂ ಮೆಲ್ಲಗೆ ಮುಂದೆ ಮಾಡಿಕೊಂಡಳು. ಇಂಥ ಹೊತ್ತಿನಲ್ಲೂ ಆ ಮನೆಯವರು ಸದ್ದು ಮಾಡಲಿಲ್ಲ. ಕಾರು ಒಂದೇ ತಿರುವಿಗೆ ಚಾಲೂ ಆಯಿತು. ಬಳೆಗಾರನ ಕಣ್ಣಲ್ಲಿ ನೀರು ಬಂತು. ಇನ್ನು ಭಯವಿಲ್ಲ ಎಂದುಕೊಂಡ.

ಕೆರೆ ಏರಿಯ ಮೇಲೆ ಒಂದು ತಿರುವಿದೆ. ತಿರುವಿನಲ್ಲಿ ಒಂದು ಗುಂಡಿಯಿದೆ. ಬಳೆಗಾರ ಗುಂಡಿ ತಪ್ಪಿಸಲು ಕಾರನ್ನು ಒಂದು ಕಡೆಗೆ ಎಳೆದ. ಅದೇ ಹೊತ್ತಿಗೆ ಮಗಳಿಗೆ ನೋವು ಎದ್ದು, ಅವಳು ಬೆನ್ನನ್ನು ಬಾಗಿಲಿಗೆ ಒತ್ತಿದಳು.

ಬಾಗಿಲು ತೆರೆದುಕೊಂಡಿತು.

ಬಳೆಗಾರನಿಗೆ ಮೊದಲು ಕೇಳಿಸಿದ್ದು ಗಾಳಿ. ಆಮೇಲೆ ಕೇಳಿಸಿದ್ದು ಹೆಂಡತಿಯ ಉಸಿರು. ಅದಾದ ಮೇಲೆ, ಅವನು ಜೀವಮಾನವೆಲ್ಲ ಕೇಳಬಾರದೆಂದು ಬದುಕಿದ್ದ ಸದ್ದು. ಮಗಳ ಎರಡೂ ಮುಂಗೈಗಳನ್ನು ತಾಯಿ ಬಲವಾಗಿ ಹಿಡಿದು ಒಳಗೆ ಎಳೆದಿದ್ದಳು. ಅವಳ ಮುಷ್ಟಿಯೊಳಗೆ ಹಸಿರು ಬಳೆಗಳು ಒಂದರ ಮೇಲೊಂದು ಚಟಚಟನೆ ಒಡೆದವು. ಹೆಚ್ಚಲಿಲ್ಲ. ಒಡೆದವು.

ಅವನು ಕಾರು ನಿಲ್ಲಿಸಿ ಕೆಳಗೆ ಇಳಿದ. ಮಗಳು ಒಳಗಿದ್ದಳು. ಅರ್ಧ ಸೆರಗು ಹೊರಗೆ ಜೋಲುತ್ತಿತ್ತು. ಬಾಗಿಲಿನಾಚೆ ಏರಿಯ ಅಂಚು, ಅದರ ಕೆಳಗೆ ಕಲ್ಲು, ಕಲ್ಲಿನ ಕೆಳಗೆ ನೀರು. ರಸ್ತೆಯ ಮೇಲೆ ಹಸಿರು ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವನು ಸೆರಗನ್ನು ಎತ್ತಿ ಒಳಗಿಟ್ಟು, ಬಾಗಿಲಿಗೆ ಮೂರು ಬೆರಳು ಹಚ್ಚಿ, ಮೆಲ್ಲಗೆ ಮುಂದೆ ಮಾಡಿದ.

ಕಿಟಕಿಯಿಂದ ಹೆಂಡತಿ ಅವನ ಬೆರಳುಗಳನ್ನು ನೋಡಿದಳು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಆ ಹೆಂಗಸು ಕಿರುಚಿದಳು:

“ಅದು ಬಳೆಯಲ್ಲ ರೀ, ಬಾಗಿಲು!”

ಮಗಳ ಮೈಮೇಲಿಂದ ಬಾಗಿ, ಬಾಗಿಲನ್ನು ಒಮ್ಮೆ ಪೂರ್ತಿ ಹೊರಗೆ ನೂಕಿ, ಹಿಡಿಯನ್ನು ಹಿಡಿದು ತನ್ನ ಕಡೆಗೆ ಎಳೆದು ಹಾಕಿದಳು. ಕೆರೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಮಗಳು ಅಷ್ಟು ನೋವಿನಲ್ಲೂ ಕಣ್ಣರಳಿಸಿ ಅಮ್ಮನನ್ನು ನೋಡಿದಳು.

“ಕಾರು ಹತ್ತಿ,” ಎಂದಳು ಹೆಂಡತಿ. “ನಿಮ್ಮ ಬಾಗಿಲನ್ನೂ ಹಾಗೇ ಹಾಕಿ.”

ಬಳೆಗಾರ ಹಾಗೇ ಹಾಕಿದ. ಕೈ ನೋವಾಯಿತು.

ಅವರು ಆಸ್ಪತ್ರೆಗೆ ತಲುಪಿದರು. ಮಗು ತಿರುಗಿರಲಿಲ್ಲ. ಡಾಕ್ಟರಮ್ಮ ಕೊಯ್ದೇ ತೆಗೆಯಬೇಕಾಯಿತು. ತಾಯಿ, ಮಗು ಇಬ್ಬರೂ ಉಳಿದರು. ಹೊರಗೆ ಬಂದ ಡಾಕ್ಟರಮ್ಮ “ಇನ್ನು ಹತ್ತು ನಿಮಿಷ ತಡ ಆಗಿದ್ದರೆ” ಎಂದು ಶುರುಮಾಡಿ, ಬಳೆಗಾರನ ಮುಖ ನೋಡಿ ಅಲ್ಲಿಗೇ ಬಿಟ್ಟರು. ಆಮೇಲೆ ಮಗಳ ಮುಂಗೈಯ ಗಾಯ ಹೇಗಾಯಿತೆಂದು ಕೇಳಿದರು.

“ಬಳೆ ಒಡೆದು ಆಯಿತು,” ಎಂದ ಬಳೆಗಾರ.

ಹತ್ತು ದಿನ ಕಳೆದ ಮೇಲೆ ಅವನು ಬೀರುವಿನಿಂದ ಡಬ್ಬಿ ತೆಗೆದುಕೊಂಡು ಮೆಕ್ಯಾನಿಕ್ ಬಳಿ ಹೋದ. ನಡೆದದ್ದನ್ನೆಲ್ಲ ಹೇಳಿದ. ಮೆಕ್ಯಾನಿಕ್ ಬಾಗಿಲು ತೆಗೆದು ಅದರ ಅಂಚಿನಲ್ಲಿದ್ದ ಕೊಂಡಿಯನ್ನು ತೋರಿಸಿದ.

“ಇದಕ್ಕೆ ಎರಡು ಕಚ್ಚು ಇದೆ ಯಜಮಾನ್ರೇ. ಮೊದಲನೇದರಲ್ಲಿ ಬಾಗಿಲು ನಿಲ್ಲುತ್ತೆ. ಎರಡನೇದರಲ್ಲಿ ಕೂರುತ್ತೆ. ನಿಂತಿದ್ದನ್ನ ನೀವು ಕೂತಿದೆ ಅಂದುಕೊಂಡ್ರಿ. ಆರು ತಿಂಗಳು ನಿಮ್ಮ ಮನೆಯವರೆಲ್ಲ ಓಡಾಡಿದ್ದು ನಿಂತ ಬಾಗಿಲಲ್ಲೇ.”

“ನೀವು ಇದನ್ನು ಮೊದಲೇ ಯಾಕೆ ಹೇಳಲಿಲ್ಲ?”

“ಕೇಳಿದೆನಲ್ಲ. ಗಟ್ಟಿಯಾಗಿ ಹಾಕ್ತೀವಿ ಅಂದ್ರಿ.” ಅವನು ಕೈ ಒರೆಸಿಕೊಂಡ. “ಒಂದು ಸಲ ನೀವೇ ಹಾಕಿ ಅಂತ ನಿಂತು ನೋಡಬೇಕಿತ್ತು. ಆ ದೀಪ ಒಂದೇ ನಿಜ ಹೇಳ್ತಾ ಇದ್ದದ್ದು. ನಾನು ಅದನ್ನೇ ಬಿಚ್ಚಿ ನಿಮ್ಮ ಕೈಗೆ ಕೊಟ್ಟೆ.”

ಅವನು ಬಲ್ಬನ್ನು ಅದರ ಜಾಗದಲ್ಲಿ ಹಾಕಿದ. ಬಳೆಗಾರ ಬಾಗಿಲು ಹಿಡಿದ. ಒಂದು ಕ್ಷಣ ಅವನ ಕೈ, ತಾನಾಗಿಯೇ, ಮೂರು ಬೆರಳಿಗೆ ಬಂತು. ಬೆರಳುಗಳನ್ನು ಮಡಚಿ, ಅಂಗೈಯಿಂದ ದಢಾರೆಂದು ಹಾಕಿದ.

ದೀಪ ಆರಿತು. ಹಿಂದಿನ ಸೀಟಿನಲ್ಲಿ ಎರಡು ಪೆಟ್ಟಿಗೆ ಬಳೆಗಳಿದ್ದವು. ತೆಗೆದು ನೋಡಿದರು. ಒಂದೂ ಒಡೆದಿರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಕತೆ ಹಿಡಿಸಿತು. ಅವನು ಬಳೆಗಾರನ ಬಗ್ಗೆ ಮರುಕಪಟ್ಟ, ಮೆಕ್ಯಾನಿಕ್ ಬಗ್ಗೆ ಸ್ವಲ್ಪ ನಕ್ಕ, ಆ ತಾಯಿಯನ್ನು ಮೆಚ್ಚಿಕೊಂಡ. ಆಮೇಲೆ ಮತ್ತೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಕೇಳಿದ:

“ಅರ್ಥವಾಯಿತು ಗುರುಗಳೇ. ಹಾಗಾದರೆ ನಾನು ಯಾವ ಜಪ ಮಾಡಲಿ?”

ಗುರುಗಳು ಕಿಟಕಿಯಿಂದ ಹೊರಗೆ ನೋಡಿ ಹೇಳಿದರು:

“ಇವತ್ತು ಹುಣ್ಣಿಮೆ, ನಿನ್ನ ಮಾವ ಡಬ್ಬಿ ಹಿಡಿದುಕೊಂಡು ಆಗಲೇ ಬಂದು ಜಗುಲಿಯಲ್ಲಿ ಕೂತಿದ್ದಾರೆ.”

ಶಿಷ್ಯ ‘ನೋಡೋಣ’ ಎನ್ನಲು ಬಾಯಿ ತೆರೆದ. ಆ ಮಾತನ್ನು ಅಲ್ಲೇ ಬಿಟ್ಟು, ಎದ್ದು ಜಗುಲಿಯ ಕಡೆ ಹೋದ.